ಪೀಣ್ಯದಲ್ಲಿ ನಾನು ಕೆಲಸ ಬದಲಿಸಿದ ರೀತಿ

ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರಗಳ ಕೆಲಸದಲ್ಲಿರುವ ಹುಡುಗರು ಆಗಾಗ ರೆಸ್ಯೂಮೆ ಹಿಡಿದು ಬಂದು, "ಇದನ್ನು ಸ್ವಲ್ಪ ಸರಿ ಮಾಡಿಕೊಡಿ ಸರ್" ಎನ್ನುತ್ತಾರೆ. ಹೆಚ್ಚಿನವುಗಳಲ್ಲಿ ಇರುವುದು ಒಂದೇ ಸಾಲು: ವಿಎಂಸಿ ಆಪರೇಟರ್, ಮೂರು ವರ್ಷ ಅನುಭವ. (ವಿಎಂಸಿ ಎಂದರೆ ಸಿಎನ್‌ಸಿ ಯಂತ್ರದ ಒಂದು ಬಗೆ.) ಆ ಮೂರು ವರ್ಷ ಯಾವ ಯಾವ ಜಾಬ್ (ಯಂತ್ರಕ್ಕೆ ಹಾಕಿ ತಯಾರಿಸುವ ಬಿಡಿಭಾಗ) ಓಡಿಸಿದೆ ಎಂದು ಕೇಳಿದರೆ ಅದೇ ಹುಡುಗ ಅರ್ಧ ಗಂಟೆ ತಡವರಿಸದೆ ಮಾತನಾಡುತ್ತಾನೆ. ಕಾಗದದ ಮೇಲೆ ಬರಬೇಕಾದದ್ದು ಆ ಮಾತು. ಡಿಪ್ಲೊಮಾ ಮುಗಿಸಿ ಆಪರೇಟರ್ ಆಗಿ ಸೇರಿದ ನಾನು ಯಂತ್ರವನ್ನು ಜಾಬ್‌ಗೆ ಸಜ್ಜುಗೊಳಿಸುವ ಸೆಟ್ಟರ್, ಅದಕ್ಕೆ ಪ್ರೋಗ್ರಾಂ ಬರೆಯುವ ಪ್ರೋಗ್ರಾಮರ್ ಆಗಿ, ಈಗ ತಯಾರಿಕೆಯ ವಿಧಾನ ನಿರ್ಧರಿಸುವ ಪ್ರೊಸೆಸ್ ಎಂಜಿನಿಯರ್ ಆಗಿದ್ದೇನೆ. ಪ್ರತಿ ಬದಲಾವಣೆಯಲ್ಲೂ ನನಗೆ ಆಸರೆಯಾದದ್ದು ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದ ಒಂದು ನೋಟ್‌ಬುಕ್.

ಹೊಸ ಜಾಬ್ ಬಂದಾಗಲೆಲ್ಲ ಅದರಲ್ಲಿ ನಾಲ್ಕು ಸಾಲು ಬರೆಯುತ್ತಿದ್ದೆ. ಲೋಹ ಯಾವುದು, ಇಎನ್8 ಉಕ್ಕು ಆಗಿತ್ತೋ ಅಲ್ಯೂಮಿನಿಯಂ 6061 ಆಗಿತ್ತೋ. ಯಂತ್ರ ನಡೆಸುವ ಕಂಟ್ರೋಲರ್ ಫ್ಯಾನುಕ್ ಕಂಪನಿಯದ್ದಾಗಿತ್ತೋ ಸೀಮೆನ್ಸ್‌ನದ್ದಾಗಿತ್ತೋ. ಅತಿ ಬಿಗಿಯಾದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಎಷ್ಟು. ಜಾಬ್ ಹಿಡಿದದ್ದು ವೈಸ್‌ನಲ್ಲೋ ಆ ಜಾಬ್‌ಗೆಂದೇ ಮಾಡಿದ ಫಿಕ್ಸ್ಚರ್‌ನಲ್ಲೋ. ಸೈಕಲ್ ಟೈಮ್ (ಒಂದು ಜಾಬ್‌ಗೆ ಹಿಡಿಯುವ ಸಮಯ) ಮೊದಲು ಎಷ್ಟಿತ್ತು, ಕೊನೆಗೆ ಎಷ್ಟಾಯಿತು. ರಿಜೆಕ್ಷನ್ ಬಂದರೆ ಕಾರಣವೇನು. ಗ್ರಾಹಕರ ಹೆಸರು, ಪಾರ್ಟ್ ನಂಬರ್, ಡ್ರಾಯಿಂಗ್ ಮಾತ್ರ ಬರೆಯುತ್ತಿರಲಿಲ್ಲ. ಅವು ಕಂಪನಿಯ ಸೊತ್ತು. ಮೊಬೈಲ್‌ನಲ್ಲಿ ಡ್ರಾಯಿಂಗ್‌ನ ಫೋಟೋ ತೆಗೆದು ಸಂದರ್ಶನದಲ್ಲಿ ತೋರಿಸುವವನನ್ನು ನಾನೂ ಸೇರಿಸಿಕೊಳ್ಳುವುದಿಲ್ಲ; ನಾಳೆ ನಮ್ಮ ಡ್ರಾಯಿಂಗ್ ಇನ್ನೊಬ್ಬರ ಮೇಜಿನ ಮೇಲಿರುತ್ತದೆ.

ಪ್ರೋಗ್ರಾಮರ್ ಹುದ್ದೆಯ ಸಂದರ್ಶನದಲ್ಲಿ ನನ್ನನ್ನು ಗೆಲ್ಲಿಸಿದ್ದು ಆ ಪುಸ್ತಕದ ಒಂದು ಪುಟ. ಎಸ್‌ಎಸ್ 304 ಎಂಬ ಸ್ಟೇನ್‌ಲೆಸ್ ಸ್ಟೀಲ್‌ನ ಫ್ಲ್ಯಾಂಜ್ (ಪೈಪ್ ಜೋಡಿಸುವ ಬಿಲ್ಲೆ) ಒಂದರಲ್ಲಿ ಆಳದ ರಂಧ್ರ ಕೊರೆಯುವಾಗ ಡ್ರಿಲ್ ಮುರಿಯುತ್ತಿತ್ತು. ಎಲ್ಲರೂ ಫೀಡ್, ಅಂದರೆ ಡ್ರಿಲ್ ಒಳಗೆ ಸಾಗುವ ವೇಗ, ಇಳಿಸುತ್ತಿದ್ದರು. ಆದರೆ ಈ ಲೋಹದ ಮೇಲೆ ಡ್ರಿಲ್ ಕತ್ತರಿಸದೆ ಉಜ್ಜುತ್ತಾ ಹೋದರೆ ಉಜ್ಜಿದ ಜಾಗ ಇನ್ನಷ್ಟು ಗಟ್ಟಿಯಾಗುತ್ತದೆ. ನಾನು ಡ್ರಿಲ್ ತಿರುಗುವ ಸ್ಪೀಡ್ ಇಳಿಸಿ ಫೀಡ್ ಉಳಿಸಿಕೊಂಡೆ, ಡ್ರಿಲ್ ಸ್ವಲ್ಪ ಸ್ವಲ್ಪವೇ ಕೊರೆದು ಹಿಂದೆ ಬರುವ ಜಿ83 ಸೈಕಲ್ ಹಾಕಿ ಚಿಪ್ (ಲೋಹದ ಚೂರು) ಹೊರಬರುವಂತೆ ಮಾಡಿದೆ. ಒಂದು ಜಾಬ್‌ಗೆ ಹಿಡಿಯುವ ಸಮಯ ತುಸು ಹೆಚ್ಚಿತು, ಡ್ರಿಲ್ ಮುರಿಯುವುದು ನಿಂತಿತು. ಪ್ರೊಡಕ್ಷನ್ ಮ್ಯಾನೇಜರ್ ಇದನ್ನು ಕೇಳಿ ರೆಸ್ಯೂಮೆ ಪಕ್ಕಕ್ಕಿಟ್ಟು, ಒಂದು ಡ್ರಾಯಿಂಗ್ ಮುಂದಿಟ್ಟು, "ಇದನ್ನು ಮೊದಲು ಯಾವ ಮುಖದಲ್ಲಿ ಹಿಡಿಯುತ್ತೀರಿ?" ಎಂದರು. ನಮ್ಮ ಕಸುಬಿನಲ್ಲಿ ಸಂದರ್ಶನ ನಿಜವಾಗಿ ಶುರುವಾಗುವುದು ಅಲ್ಲಿಂದ. ಡೇಟಮ್ (ಅಳತೆಗಳಿಗೆ ಆಧಾರವಾದ ಮುಖ) ಯಾವುದು, ಎಷ್ಟು ಸಲ ಹಿಡಿದು ಸೆಟಪ್ ಮಾಡಬೇಕು, ಯಾವ ಅಳತೆ ಮೊದಲು ಕೆಡಬಹುದು ಎಂಬುದನ್ನು ಹೇಳಲು ಬರಬೇಕು. ವರ್ನಿಯರ್, ಮೈಕ್ರೋಮೀಟರ್ ಕೈಗೆ ಕೊಟ್ಟು ಲೀಸ್ಟ್ ಕೌಂಟ್, ಅಂದರೆ ಅದು ತೋರಿಸುವ ಅತಿ ಚಿಕ್ಕ ಅಳತೆ, ಕೇಳುವುದೂ ಉಂಟು. ಸಾಮಾನ್ಯ ವರ್ನಿಯರ್‌ಗೆ 0.02 ಮಿ.ಮೀ., ಮೈಕ್ರೋಮೀಟರ್‌ಗೆ 0.01 ಮಿ.ಮೀ. ಎಂದು ಥಟ್ಟನೆ ಬಾರದಿದ್ದರೆ ಉಳಿದ ಮಾತಿಗೆ ಬೆಲೆ ಕಡಿಮೆ.

ಖಾಲಿ ಹುದ್ದೆ ಇರುವುದು ತಿಳಿಯುವುದು ಹೇಗೆ? ಜಾಲತಾಣಗಳಲ್ಲಿ ಹೆಸರು ಹಾಕಿದ್ದೆ. ಬಂದ ಕರೆಗಳಲ್ಲಿ ಎಷ್ಟೋ ನೋಂದಣಿ ಶುಲ್ಕ ಕೇಳುವವರದ್ದು. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ನಮ್ಮ ಸುದ್ದಿಗಾರರೇ ಬೇರೆ. ಇನ್ಸರ್ಟ್ (ಕತ್ತರಿಸುವ ಟೂಲ್‌ನ ತುದಿ) ಮಾರುವವರು, ಯಂತ್ರ ದುರಸ್ತಿಗೆ ಬರುವ ಸರ್ವಿಸ್ ಎಂಜಿನಿಯರ್‌ಗಳು, ಅಳತೆ ಉಪಕರಣಗಳ ಕ್ಯಾಲಿಬ್ರೇಷನ್‌ಗೆ (ನಿಖರತೆ ಪರೀಕ್ಷೆಗೆ) ಬರುವವರು ವಾರಪೂರ್ತಿ ಕಾರ್ಖಾನೆಯಿಂದ ಕಾರ್ಖಾನೆಗೆ ತಿರುಗುತ್ತಾರೆ. ಯಾರಲ್ಲಿ ಹೊಸ ಯಂತ್ರ ಇಳಿಯಲಿದೆ ಎಂಬುದು ಅವರಿಗೆ ಮೊದಲೇ ಗೊತ್ತು. ಯಂತ್ರ ಬಂದರೆ ಅದನ್ನು ಓಡಿಸುವವರು ಬೇಕೇ ಬೇಕು, ಬಾಗಿಲಿಗೆ 'ಬೇಕಾಗಿದ್ದಾರೆ' ಎಂಬ ಬೋರ್ಡ್ ಬೀಳುವುದು ಆಮೇಲೆ. ಅವರೊಂದಿಗೆ ಚಹಾ ಕುಡಿಯುತ್ತಾ ಮಾತನಾಡುವಾಗ ನಾನು ಕೆಲಸ ಕೊಡಿಸಿ ಎಂದು ಕೇಳುತ್ತಿರಲಿಲ್ಲ, "ಯಾರು ಯಂತ್ರ ತರಿಸುತ್ತಿದ್ದಾರೆ ಅಣ್ಣ?" ಎಂದಷ್ಟೇ ಕೇಳುತ್ತಿದ್ದೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನಕ್ಕೂ ಹೋಗುತ್ತೇನೆ. ಯಾವ ಯಂತ್ರದ ಮುಂದೆ ಮಾಲೀಕರು ಗುಂಪುಗಟ್ಟಿದ್ದಾರೆ ಎಂಬುದನ್ನು ನೋಡಿದರೆ ಮುಂದೆ ಕಲಿಯಬೇಕಾದದ್ದು ಯಾವುದೆಂದು ತಿಳಿಯುತ್ತದೆ. ಹಸಿರು ಮೆಟ್ರೋ ಮಾರ್ಗ 2024ರಲ್ಲಿ ಬಿಐಇಸಿ ಪಕ್ಕದ ಮಾದಾವರದವರೆಗೆ ಬಂದ ಮೇಲೆ ಪೀಣ್ಯದವರಿಗೆ ಅಲ್ಲಿಗೆ ಹೋಗುವುದು ಸಲೀಸು.

ಸೆಟ್ಟರ್ ಆಗಿದ್ದಾಗ ಎರಡು ಕಡೆಯಿಂದ ಕರೆ ಬಂದಿತ್ತು. ಒಂದರಲ್ಲಿ ಸಂಬಳ ಹೆಚ್ಚು, ಕೆಲಸ ಮಾತ್ರ ಹಳೆಯದೇ. ಇನ್ನೊಂದರಲ್ಲಿ ಸಂಬಳ ಕಡಿಮೆ, ಆದರೆ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಕೂರಿಸುತ್ತೇವೆ ಎಂದರು. ಮನೆಯಲ್ಲಿ ಮಾತುಕತೆ ಬಿಸಿಯಾಗಿಯೇ ನಡೆಯಿತು. ನಾನು ಎರಡನೆಯದಕ್ಕೆ ಹೋದೆ, ಇಂದಿಗೂ ಅದೇ ಸರಿ ಎನ್ನುತ್ತೇನೆ. ರಾತ್ರಿ ಪಾಳಿಯಲ್ಲಿ ನಿಂತು ಮಾಡುವ ಕೆಲಸಕ್ಕೆ ದೇಹ ಎಷ್ಟು ವರ್ಷ ಒಪ್ಪುತ್ತದೆ ಎಂಬ ಲೆಕ್ಕವನ್ನೂ ಹಾಕಬೇಕು.

ಸಂಬಳದ ಮಾತಿಗೆ ಕುಳಿತಾಗ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನೆನಪಿರಲಿ. ತಿಂಗಳ ವೇತನ 21,000 ರೂಪಾಯಿ ದಾಟಿದವರು ಹೊಸದಾಗಿ ಕೆಲಸಕ್ಕೆ ಸೇರಿದರೆ ಇಎಸ್‌ಐಗೆ ಸೇರುವುದಿಲ್ಲ. 20,500ರಿಂದ 22,000ಕ್ಕೆ ಹಾರಿದ ಸಂತೋಷದಲ್ಲಿ ಹೆಂಡತಿ ಮಕ್ಕಳ, ಅವಲಂಬಿತ ತಂದೆ ತಾಯಿಯ ಚಿಕಿತ್ಸೆಯ ಸೌಲಭ್ಯ ಹೋಗುತ್ತದೆ ಎಂಬುದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ. ನಾನು ಆ ಗೆರೆ ದಾಟುವಾಗ, ಮನೆಯವರೆಲ್ಲರಿಗೂ ಗುಂಪು ಆರೋಗ್ಯ ವಿಮೆ ಇದೆಯೇ ಎಂದು ಮೊದಲು ಕೇಳಿದೆ. ಸಿಟಿಸಿ (ನಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದು ಹೇಳುವ ಮೊತ್ತದೊಳಗೆ ಕಂಪನಿ ಕಟ್ಟುವ ಪಿಎಫ್ ಕೂಡ ಸೇರಿರುವುದು ಸಾಮಾನ್ಯ. ಹಾಗಾಗಿ ಮೂಲ ವೇತನ ಎಷ್ಟು, ಕೈಗೆ ಬರುವುದು ಎಷ್ಟು ಎಂಬ ಎರಡನ್ನೂ ಬರೆಸಿಕೊಳ್ಳುತ್ತೇನೆ.

ಆಫರ್ ಪತ್ರ ಕೈಗೆ ಬಂದ ಮೇಲೆ ರಾಜೀನಾಮೆ, ನೋಟಿಸ್ ಅವಧಿ ಪೂರ್ತಿ ಕೆಲಸ, ರಿಲೀವಿಂಗ್ ಪತ್ರ, ಕೊನೆಯ ಮೂರು ವೇತನ ಚೀಟಿ. ಅನಂತರ ಪಿಎಫ್. ಯುಎಎನ್ (ಪಿಎಫ್ ಸದಸ್ಯನ ಕಾಯಂ ಸಂಖ್ಯೆ) ಬದಲಾಗುವುದಿಲ್ಲ, ಆದರೆ ಹಳೆಯ ಖಾತೆಯ ಹಣ ಹೊಸ ಖಾತೆಗೆ ವರ್ಗವಾಗಿದೆಯೇ ಎಂದು ಪಾಸ್‌ಬುಕ್‌ನಲ್ಲಿ ನೋಡಬೇಕು. ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕ ಹಾಕದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನಾವೇ ಹಾಕಬಹುದು. ಬದಲಾಯಿಸಿದಾಗಲೆಲ್ಲ ಪಿಎಫ್ ಜೊತೆಗೆ ಪಿಂಚಣಿಯ ಭಾಗವನ್ನೂ ತೆಗೆದು ಖರ್ಚು ಮಾಡಿದರೆ ಆ ವರ್ಷಗಳ ಸೇವೆ ಲೆಕ್ಕದಿಂದ ಹೋಗುತ್ತದೆ, ಪಿಂಚಣಿಗೆ ಬೇಕಾದ 10 ವರ್ಷವನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ರೆಸ್ಯೂಮೆ ತಂದ ಹುಡುಗರಿಗೆ ನಾನು ಮೊದಲು ಪಾಸ್‌ಬುಕ್ ತೆರೆಸಿ ನೋಡುತ್ತೇನೆ, ರೆಸ್ಯೂಮೆ ತಿದ್ದುವುದು ಆಮೇಲೆ.