ಪಿಟಿ (ಪರ್ಸನಲ್ ಟ್ರೇನಿಂಗ್) ನಂಬಿ ಮನೆ ನಡೆಸಬೇಕಾ? ಮೊದಲು ಗಡಿಯಾರ ನೋಡಿ

ಜಿಮ್ ಬಾಗಿಲು ಬೆಳಿಗ್ಗೆ 5.30ಕ್ಕೆ ತೆಗೆಯುತ್ತದೆ. 6ರಿಂದ 10ರ ತನಕ ಕಾಲಿಡೋಕೆ ಜಾಗ ಇರುವುದಿಲ್ಲ, ಸಂಜೆ 5ರಿಂದ 9ರ ತನಕ ಮತ್ತೆ ಅದೇ ಗಲಾಟೆ. ಮಧ್ಯದ ಏಳು ಗಂಟೆ ನೀವು, ಫ್ಯಾನು, ಕನ್ನಡಿ, ಅಷ್ಟೇ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಹೆಚ್ಚುಕಡಿಮೆ ಇದೇ ಕಥೆ. ಅಂದರೆ ಪರ್ಸನಲ್ ಟ್ರೇನರ್ ಹತ್ತಿರ ಮಾರೋಕೆ ಇರುವುದು ದಿನಕ್ಕೆ ಎಂಟು ಗಂಟೆ, ಅದರಲ್ಲಿ ನಿಜವಾಗಿ ತುಂಬುವುದು ಐದೋ ಆರೋ. ತೋಳು ಎಷ್ಟು ಇಂಚು ಅಂತ ವಾರಕ್ಕೊಮ್ಮೆ ಅಳೆದುಕೊಳ್ಳುವ ಹುಡುಗರು ಈ ಲೆಕ್ಕ ಮಾತ್ರ ಹಾಕುವುದಿಲ್ಲ. ಎರಡು ವರ್ಷ ಬಿಟ್ಟು ನೋಡಿದರೆ ಬೇರೆ ಕೆಲಸದಲ್ಲಿರುತ್ತಾರೆ.

ಮೊದಲ ವರ್ಷ ಫ್ಲೋರ್ ಟ್ರೇನರ್, ಅಂದರೆ ಜಿಮ್ಮಿಗೆ ಬರುವ ಎಲ್ಲರನ್ನೂ ನೋಡಿಕೊಳ್ಳುವ ಟ್ರೇನರ್ ಆಗಿಯೇ ಕಳೆಯಿರಿ. ಸಂಬಳ ಕಮ್ಮಿ, ತೂಕದ ಪ್ಲೇಟ್ ಎತ್ತಿಡುವ ಕೆಲಸ ಜಾಸ್ತಿ. ಆದರೆ ದಿನಕ್ಕೆ ನೂರು ಜನರ ಸ್ಕ್ವಾಟ್ ನೋಡುತ್ತೀರಿ. ಯಾರ ಹಿಮ್ಮಡಿ ಮೇಲೇಳುತ್ತದೆ, ಯಾರ ಮಂಡಿ ಒಳಗೆ ಬೀಳುತ್ತದೆ ಅನ್ನೋದು ಕಣ್ಣಿಗೆ ತಾನಾಗಿ ಹತ್ತುತ್ತದೆ. ಇದು ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ.

ಹಾಗಂತ ಕೋರ್ಸ್ ಬೇಡ ಅಂತಲ್ಲ. ಡಾಕ್ಟರು, ವಕೀಲರ ಹಾಗೆ ನಮಗೆ ಲೈಸೆನ್ಸ್ ಇಲ್ಲ, ಅದಕ್ಕೇ ಯಾರು ಬೇಕಾದರೂ ಟ್ರೇನರ್ ಅಂತ ಹೇಳಿಕೊಳ್ಳಬಹುದು, ಅದಕ್ಕೇ ಸರ್ಟಿಫಿಕೇಟ್ ಇದ್ದವರ ಮಾತಿಗೆ ಬೆಲೆ. ನಮ್ಮಲ್ಲಿ ಕೆ11 ಅನ್ನುವ ಸಂಸ್ಥೆಯ ಕೋರ್ಸ್ ಮಾಡುತ್ತಾರೆ, ಇಲ್ಲವೇ ಅಮೆರಿಕದ ಎಸಿಇ, ನ್ಯಾಸ್ಮ್, ಇಸ್ಸಾ ಸಂಸ್ಥೆಗಳದ್ದು. ಎಸಿಇಗೆ 18 ವರ್ಷ ತುಂಬಿರಬೇಕು, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸುವುದು) ಕಲಿತ ಸರ್ಟಿಫಿಕೇಟೂ ಬೇಕು. ಯಾವುದಾದರೂ ಒಂದು ಸಾಕು. ಗೋಡೆ ತುಂಬ ನೇತುಹಾಕುವ ದುಡ್ಡನ್ನು ಉಳಿಸಿಕೊಳ್ಳಿ.

ಈಗ ದುಡ್ಡಿನ ವಿಷಯ. ಒಂದು ಉದಾಹರಣೆ ಹಿಡಿಯೋಣ. ಜಿಮ್ ತಿಂಗಳಿಗೆ 12 ಸೆಷನ್‌ನ ಪ್ಯಾಕೇಜಿಗೆ 8,000 ತಗೊಂಡು ನಿಮಗೆ ಅರ್ಧ ಕೊಡುತ್ತದೆ ಅಂದುಕೊಳ್ಳಿ. ಒಂದು ಗಂಟೆಗೆ ನಿಮಗೆ ಬಂದದ್ದು 333 ರೂಪಾಯಿ. ಛೇ, ಅರ್ಧ ಅವರಿಗ್ಯಾಕೆ, ನಾನೇ ಮನೆಗೆ ಹೋಗಿ ಹೇಳಿಕೊಡುತ್ತೇನೆ ಅಂತ 12,000ಕ್ಕೆ ಒಪ್ಪಿಕೊಳ್ಳುತ್ತೀರಿ. ಸೆಷನ್‌ಗೆ ಸಾವಿರ! ಆದರೆ ಜಯನಗರದಿಂದ ಎಚ್‌ಎಸ್‌ಆರ್ ಲೇಔಟಿಗೆ ಸಂಜೆ ಹೊತ್ತಲ್ಲಿ ಹೋಗೋಕೆ ಮುಕ್ಕಾಲು ಗಂಟೆ, ಬರೋಕೆ ಮುಕ್ಕಾಲು ಗಂಟೆ. ಎರಡೂವರೆ ಗಂಟೆಗೆ ಸಾವಿರ ಅಂದರೆ ಗಂಟೆಗೆ 400. ಪೆಟ್ರೋಲ್ ಕಳೆದರೆ ಜಿಮ್‌ನಲ್ಲಿ ಬರುತ್ತಿದ್ದಷ್ಟೇ. ಅದೇ ಅಪಾರ್ಟ್‌ಮೆಂಟಿನಲ್ಲಿ ಒಂದರ ಹಿಂದೆ ಒಂದು ಮೂರು ಮನೆ ಹಿಡಿದರೆ ನಾಲ್ಕೂವರೆ ಗಂಟೆಗೆ 3,000, ಗಂಟೆಗೆ 667. ನೋಡಿ, ನೀವೂ ಅದೇ, ರೇಟೂ ಅದೇ, ಸಂಪಾದನೆ ಮಾತ್ರ ಬೇರೆ. ಹಾಗಾಗಿ ಮನೆ ಕ್ಲೈಂಟ್ ಬೇಕಿದ್ದರೆ ನಿಮ್ಮ ಮನೆಯಿಂದ ಎರಡು ಮೂರು ಕಿಲೋಮೀಟರ್ ಒಳಗೆ ಹುಡುಕಿ, ಒಂದೇ ಗೇಟಿನ ಒಳಗೆ ಸಿಕ್ಕರೆ ಇನ್ನೂ ಒಳ್ಳೆಯದು. ಅಪಾರ್ಟ್‌ಮೆಂಟ್ ಜಿಮ್ ಬಳಸುವುದಾದರೆ ಅಸೋಸಿಯೇಷನ್‌ನವರನ್ನು ಮೊದಲೇ ಕೇಳಿ. ಹೊರಗಿನ ಟ್ರೇನರ್ ಬೇಡ ಅನ್ನುವವರೂ ಇದ್ದಾರೆ.

ಇನ್ನೊಂದು ವಿಷಯ, ಕೆಲಸ ಮಾಡುವ ಜಿಮ್‌ನಿಂದ ಕ್ಲೈಂಟನ್ನು ಗುಟ್ಟಾಗಿ ಮನೆಗೆ ಎಳೆದುಕೊಂಡು ಹೋಗಬೇಡಿ. ಈ ಊರು ದೊಡ್ಡದು, ಟ್ರೇನರ್‌ಗಳ ಲೋಕ ಸಣ್ಣದು, ವಿಷಯ ಗೊತ್ತಾಗೇ ಆಗುತ್ತದೆ.

ದುಡ್ಡು ಮುಂಗಡ. ಇದರಲ್ಲಿ ನಾಚಿಕೆ ಬೇಡ. ಒಬ್ಬರು 12 ಸೆಷನ್‌ಗೆ ಕೊಟ್ಟು, ಐದು ಸಲ ಬಂದು, ಮಗುವಿಗೆ ಪರೀಕ್ಷೆ, ಆಫೀಸಲ್ಲಿ ಆಡಿಟ್, ಊರಲ್ಲಿ ಗೃಹಪ್ರವೇಶ ಅಂತ ಮೂರು ತಿಂಗಳು ಕಳೆದು, ಆಮೇಲೆ ಉಳಿದ ದುಡ್ಡು ವಾಪಸ್ ಕೇಳಿದರು. ನನ್ನ ಹತ್ತಿರ ಬರೆದಿಟ್ಟ ನಿಯಮ ಒಂದೂ ಇರಲಿಲ್ಲ, ಕೊಟ್ಟೆ. ಅವರಿಗಾಗಿ ಖಾಲಿ ಇಟ್ಟಿದ್ದ ಬೆಳಗಿನ 7 ಗಂಟೆಯ ಸ್ಲಾಟ್ ವಾಪಸ್ ಕೊಡೋರು ಯಾರು? ಅವತ್ತಿಂದ ದುಡ್ಡು ತಗೊಳ್ಳುವ ಮುಂಚೆ ವಾಟ್ಸಾಪಿನಲ್ಲಿ ನಾಲ್ಕು ಸಾಲು ಕಳಿಸುತ್ತೇನೆ. 12 ಸೆಷನ್ 40 ದಿನದ ಒಳಗೆ ಮುಗಿಸಬೇಕು. ಬರಲ್ಲ ಅಂತ ಹಿಂದಿನ ರಾತ್ರಿ 9ರ ಒಳಗೆ ಹೇಳಬೇಕು. ಹೇಳದಿದ್ದರೆ ಸೆಷನ್ ಆದ ಹಾಗೆ. ನಾನು ತಪ್ಪಿಸಿದರೆ ಒಂದು ಸೆಷನ್ ಪುಕ್ಕಟೆ. ಆ ಕೊನೆಯ ಸಾಲು ಇರುವುದರಿಂದಲೇ ಮೊದಲ ಮೂರಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಹೊಸ ಕ್ಲೈಂಟ್ ಹುಡುಕುವುದು ಕಷ್ಟ, ಇರುವವರು ಪ್ಯಾಕೇಜ್ ಮುಂದುವರಿಸಿದರೆ ಮನೆ ನಡೆಯುತ್ತದೆ. ಮುಂದುವರಿಸೋದು ಯಾವಾಗ? ಅವರ ಬದುಕಿನಲ್ಲಿ ಏನೋ ಒಂದು ಸುಲಭ ಆದಾಗ. ಅರವತ್ತರ ಆಸುಪಾಸಿನ ಒಬ್ಬ ಅಮ್ಮ ಮೊದಲ ದಿನವೇ ಹೇಳಿದರು, "ಏನಪ್ಪಾ, ನಂಗೆ ಸಣ್ಣ ಆಗೋದೇನೂ ಬೇಡ. ಮಣೆ ಮೇಲೆ ಕೂತು ಪೂಜೆ ಮಾಡಿ, ಯಾರ ಕೈಯೂ ಹಿಡೀದೆ ಎದ್ದರೆ ಸಾಕು." ಊಟದ ಕುರ್ಚಿ ಮೇಲೆ ಎರಡು ದಿಂಬು ಇಟ್ಟು, ಕೂತು ಏಳೋದು, ಎಂಟು ಸಲ, ಮೂರು ಸುತ್ತು. ಮೂರನೇ ವಾರ ಒಂದು ದಿಂಬು ತೆಗೆದೆ. ಆಮೇಲೆ ಬರೀ ಕುರ್ಚಿ, ಆಮೇಲೆ ಗಿಡ್ಡ ಸ್ಟೂಲು, ಆಮೇಲೆ ಗೋಡೆ ಹಿಡಿದು ಒಂದು ಮಂಡಿ ಊರಿ ಏಳೋದು. ಐದನೇ ತಿಂಗಳು ದೇವರ ಮನೆಗೆ ಕರೆದು, ಕೂತು, ಎದ್ದು ತೋರಿಸಿದರು. ತೂಕ ಇಳಿದಿದ್ದು ಬರೀ ಒಂದೂವರೆ ಕೆಜಿ. ಅವರಿಂದ ಆ ಬೀದಿಯಲ್ಲೇ ಇನ್ನೂ ಇಬ್ಬರು ಬಂದರು. ಇನ್‌ಸ್ಟಾಗ್ರಾಂನಲ್ಲಿ ನಾನು ಹಾಕಿದ ರೀಲ್ಸ್‌ನಿಂದ ಅಷ್ಟು ದಿನದಲ್ಲಿ ಒಬ್ಬರೂ ಬಂದಿರಲಿಲ್ಲ.

ಯಾರನ್ನೇ ಸೇರಿಸಿಕೊಳ್ಳುವ ಮುಂಚೆ ಬಿಪಿ, ಶುಗರ್, ಎದೆನೋವು, ತಲೆಸುತ್ತು, ಆಪರೇಷನ್, ತಗೊಳ್ಳುವ ಮಾತ್ರೆ ಎಲ್ಲ ಕೇಳಿ ಬರೆಸಿಕೊಳ್ಳಿ. ಅನುಮಾನ ಬಂದರೆ ಡಾಕ್ಟರ್ ಚೀಟಿ ತನ್ನಿ ಅನ್ನಿ. 2021ರ ಅಕ್ಟೋಬರಿನಲ್ಲಿ ಅಪ್ಪು ಹೋದಾಗ ಜಯದೇವ ಆಸ್ಪತ್ರೆ ಮುಂದೆ ಹೃದಯ ತಪಾಸಣೆಗೆ ಜನ ಸಾಲು ನಿಂತಿದ್ದು ನೆನಪಿದೆ ಅಲ್ವಾ? ಜಿಮ್ ಮಾಡಿದರೆ ಹಾರ್ಟ್ ಅಟ್ಯಾಕ್ ಆಗುತ್ತಾ ಅಂತ ಇವತ್ತಿಗೂ ಕೇಳುತ್ತಾರೆ. "ಏನೂ ಆಗಲ್ಲ ಸಾರ್" ಅಂತ ಧೈರ್ಯ ಹೇಳುವುದು ನಮ್ಮ ಕೆಲಸ ಅಲ್ಲ. ತಪಾಸಣೆ ಮಾಡಿಸಿ, ನಿಧಾನಕ್ಕೆ ಶುರು ಮಾಡೋಣ ಅನ್ನಿ.

ಊಟದ ವಿಷಯದಲ್ಲಿ ಮನೆಯಲ್ಲಿ ಏನು ಬೇಯುತ್ತದೋ ಅಲ್ಲಿಂದ ಶುರು ಮಾಡಿ. ಮುದ್ದೆ ಬಿಡಿಸಿ ಓಟ್ಸ್ ತಿನ್ನಿಸಿದರೆ ಹತ್ತು ದಿನ ತಿನ್ನುತ್ತಾರೆ. ಮುದ್ದೆ ಇರಲಿ, ಜೊತೆಗೆ ಸಾರಿನ ಕಾಳು ಜಾಸ್ತಿ ಹಾಕಿಕೊಳ್ಳಿ, ಎರಡು ಮೊಟ್ಟೆ ತಿಂದರೆ 12 ಗ್ರಾಂ ಪ್ರೋಟೀನ್ ಅನ್ನಿ. ಪೌಡರ್ ಡಬ್ಬಿ ಮಾರಿದರೆ ಕಮಿಷನ್ ಸಿಗುತ್ತದೆ ನಿಜ, ಆದರೆ ಒಂದು ಡಬ್ಬಿ ನಕಲಿ ಬಂದರೆ ಹೋಗುವುದು ನಿಮ್ಮ ಹೆಸರು. ಮೈ ಬೆಳೆಸೋಕೆ ಸ್ಟೆರಾಯ್ಡ್ ಇಂಜೆಕ್ಷನ್ ಕೇಳುವವರನ್ನು ಅಲ್ಲೇ ಬಿಟ್ಟುಬಿಡಿ.

ಕೆಲವು ಜಿಮ್‌ಗಳು ಪಿಟಿ ದುಡ್ಡಿನಲ್ಲಿ 10% ಟಿಡಿಎಸ್, ಅಂದರೆ ಮುಂಚೆಯೇ ಹಿಡಿಯುವ ಆದಾಯ ತೆರಿಗೆ, ಹಿಡಿದು ಕೊಡುತ್ತವೆ. ಅದು ಹೋದ ದುಡ್ಡಲ್ಲ. ರಿಟರ್ನ್ ಫೈಲ್ ಮಾಡಿ, ಅಷ್ಟು ತೆರಿಗೆ ಬರದಿದ್ದರೆ ವಾಪಸ್ ಬರುತ್ತದೆ. ಜಿಎಸ್‌ಟಿ ಚಿಂತೆ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ. ಜನವರಿಯಲ್ಲಿ ತುಂಬಿದ ಜಿಮ್ ಏಪ್ರಿಲ್ ರಜೆಗೆ ಖಾಲಿ, ದಸರಾ ದೀಪಾವಳಿಗೆ ಮತ್ತೆ ಖಾಲಿ, ಹಾಗಾಗಿ ಮೂರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿರಿ.

ಇನ್ನು ಆ ಮಧ್ಯಾಹ್ನದ ಏಳು ಗಂಟೆ. ಗೃಹಿಣಿಯರು, ನಿವೃತ್ತರು 11ಕ್ಕೆ ಬರುತ್ತಾರೆ, ರೇಟು ಸ್ವಲ್ಪ ಕಮ್ಮಿ ಮಾಡಿ ಕೇಳಿ ನೋಡಿ. ನನಗೆ ಕೈಹಿಡಿದದ್ದು ವಿಡಿಯೊ ಕಾಲಿನಲ್ಲಿ ಕಲಿಯುವ ಲಂಡನ್ ಕನ್ನಡಿಗರು. ಅಲ್ಲಿ ಬೆಳಿಗ್ಗೆ 6.30 ಅಂದರೆ ಬೇಸಿಗೆಯಲ್ಲಿ ನಮಗೆ 11 ಗಂಟೆ, ಜಿಮ್ ಖಾಲಿ ಇರುವ ಹೊತ್ತು. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅವರ ಫೋನನ್ನು ಪಕ್ಕದಿಂದ ಸೊಂಟದ ಎತ್ತರಕ್ಕೆ ಇಡಿಸಿದರೆ ಫಾರ್ಮ್ (ವ್ಯಾಯಾಮ ಮಾಡುವಾಗಿನ ಮೈಭಂಗಿ) ಚೆನ್ನಾಗಿ ಕಾಣುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ನಮಗೆ 12 ಆಗುತ್ತದೆ. ಮೊದಲ ವರ್ಷ ಅದು ಗೊತ್ತಿಲ್ಲದೆ 11ಕ್ಕೇ ಫೋನ್ ಸಿಕ್ಕಿಸಿಕೊಂಡು, ಇವರಿಗೇನಾಯ್ತಪ್ಪ ಅಂತ ಒಂದು ಗಂಟೆ ಸುಮ್ನೆ ಕೂತಿದ್ದೆ.