ಮಡಿಗೆ ಹೊದಿಕೆ ಹಾಕುವ ಮುನ್ನ ಮಣ್ಣನ್ನು ಮುಟ್ಟಿ ನೋಡಿ

ಕೈತೋಟದ ಮಡಿಗಳ ಮೇಲೆ ಒಣಹುಲ್ಲು, ತರಗೆಲೆ, ಮರದ ಚಕ್ಕೆ ಮುಂತಾದವುಗಳನ್ನು ಹರಡುವ ಹೊದಿಕೆ ಅಥವಾ ಮಲ್ಚಿಂಗ್ ಕ್ರಮವು ಎಲ್ಲ ಕಾಲಕ್ಕೂ ಒಳ್ಳೆಯದೆಂಬ ನಂಬಿಕೆ ಬಲವಾಗಿದೆ. ವಾಸ್ತವದಲ್ಲಿ ಹೊದಿಕೆಯು ಮಣ್ಣು ಆ ಹೊತ್ತಿಗೆ ಹೇಗಿದೆಯೋ ಹಾಗೆಯೇ ಅದನ್ನು ಹಿಡಿದಿಡುತ್ತದೆ. ತೇವವಿದ್ದರೆ ತೇವ ಉಳಿಯುತ್ತದೆ. ಒಣಗಿದ್ದರೆ, ತುಂತುರು ಮಳೆಯನ್ನು ಹೊದಿಕೆಯೇ ಹೀರಿಕೊಳ್ಳುವುದರಿಂದ ಕೆಳಗಿನ ಮಣ್ಣು ಒಣಗಿಯೇ ಇರುತ್ತದೆ. ತಣ್ಣಗಿದ್ದರೆ ಬಿಸಿಲಿನ ಕಾವು ಅದಕ್ಕೆ ತಡವಾಗಿ ತಲುಪುತ್ತದೆ. ಆದ್ದರಿಂದ ಹೊದಿಕೆಯ ನಿರ್ಧಾರಕ್ಕೆ ಮೊದಲು ಮಡಿಯಲ್ಲಿ ಬೆರಳನ್ನು ಎರಡು ಗೆಣ್ಣಿನ ಆಳಕ್ಕೆ ಇಳಿಸಿ ನೋಡಬೇಕು.

ನೀರು ಬಸಿಯದೆ ಸದಾ ಜೌಗಾಗಿರುವ ಜೇಡಿಮಣ್ಣಿಗೆ ದಪ್ಪ ಹೊದಿಕೆ ಹಾಕಿದರೆ ಬೇರು ಕೊಳೆಯುವ ಸಾಧ್ಯತೆ ಹೆಚ್ಚುತ್ತದೆ. ಅಲ್ಲಿ ಮೊದಲು ಮಡಿಯನ್ನು ಎತ್ತರಿಸಬೇಕು. ಬೀಜ ಬಿತ್ತಿದ ಮಡಿಯನ್ನು ಸಸಿಗಳು ಒಂದು ಗೇಣಿನಷ್ಟಾದರೂ ಏಳುವವರೆಗೆ ತೆರೆದೇ ಬಿಡಬೇಕು. ಬಸವನಹುಳುವಿನ ಕಾಟವಿರುವಲ್ಲಿ, ವಿಶೇಷವಾಗಿ ಎಳೆಯ ಸೊಪ್ಪಿನ ಗಿಡಗಳ ನಡುವೆ, ತೇವದ ಹುಲ್ಲು ಅವಕ್ಕೆ ಹಗಲಿನ ಅಡಗುತಾಣವಾಗುತ್ತದೆ. ಹಿಮ ಬೀಳುವ ರಾತ್ರಿಗಳಲ್ಲಿ ತೆರೆದ ತೇವದ ಮಣ್ಣು ಹಗಲಿನ ಶಾಖವನ್ನು ಗಿಡಗಳತ್ತ ಬಿಟ್ಟುಕೊಡುತ್ತದೆ, ಹೊದಿಕೆ ಅದನ್ನು ತಡೆಯುತ್ತದೆ ಎಂಬುದನ್ನೂ ನೆನಪಿಡಬೇಕು. ಇವುಗಳಲ್ಲಿ ಯಾವುದೂ ನಿಮ್ಮ ಮಡಿಗೆ ಅನ್ವಯಿಸದಿದ್ದರೆ, ಬಿಸಿಲ ದಿನಗಳಲ್ಲಿ ಹೊದಿಕೆ ಹಾಕದಿರಲು ನನಗೆ ಕಾರಣ ಕಾಣುವುದಿಲ್ಲ.

ತರಕಾರಿ ಮಡಿಗೆ ಬೇಗ ಕರಗುವ ಹುಲ್ಲು, ತರಗೆಲೆ ಅಥವಾ ಚೆನ್ನಾಗಿ ಕಳಿತ ಕಾಂಪೋಸ್ಟ್ ಸೂಕ್ತ. ವರ್ಷಗಟ್ಟಲೆ ಅಲುಗದ ಪೊದೆ ಮತ್ತು ಮರಗಳ ಬುಡಕ್ಕೆ ಮರದ ಚಕ್ಕೆ ಅಥವಾ ತೊಗಟೆ ಸೂಕ್ತ. ಹುಲ್ಲು ಕಾಳು ಬಡಿದು ಉಳಿದದ್ದಾಗಿರಲಿ, ತೆನೆಸಹಿತ ಕೊಯ್ದ ಮೇವಿನ ಹುಲ್ಲಾದರೆ ಅದರ ಬೀಜಗಳೇ ಮುಂದಿನ ಕಳೆಯಾಗುತ್ತವೆ. ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ಮಡಿಯ ಹತ್ತಿರಕ್ಕೂ ತರಬಾರದು.

ಮರದ ಚಕ್ಕೆಯು ಮಣ್ಣಿನ ಸಾರಜನಕವನ್ನು ಕಸಿದುಕೊಳ್ಳುತ್ತದೆ ಎಂಬ ಆತಂಕಕ್ಕೆ ಆಧಾರವಿದೆ, ಆದರೆ ಅದನ್ನು ಅಗತ್ಯಕ್ಕಿಂತ ಹಿಗ್ಗಿಸಲಾಗಿದೆ. ಇಂಗಾಲ ಹೆಚ್ಚಿದ್ದು ಸಾರಜನಕ ಅತಿ ಕಡಿಮೆಯಿರುವ ಮರವನ್ನು ಕರಗಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದ ಪಡೆಯುತ್ತವೆ ಎಂಬುದು ನಿಜ. ಚಕ್ಕೆ ಮಣ್ಣಿನ ಮೇಲೆಯೇ ಇರುವವರೆಗೆ ಈ ಎಳೆದಾಟ ಎರಡೂ ತಾಗುವ ತೆಳು ಪದರಕ್ಕಷ್ಟೇ ಸೀಮಿತವಾಗಿದ್ದು ಆಳದ ಬೇರುಗಳನ್ನು ಬಾಧಿಸುವುದಿಲ್ಲ. ಅದನ್ನು ಅಗೆದು ಮಣ್ಣಿನೊಳಗೆ ಬೆರೆಸಿದಾಗ ಮಾತ್ರ ಗಿಡದ ಎಲೆಗಳು ಹಳದಿಯಾಗತೊಡಗುತ್ತವೆ. ಮರಕೊಯ್ತದ ಹೊಟ್ಟನ್ನು ಮಾತ್ರ ನಾನು ಮಡಿಗೆ ಹಾಕುವುದಿಲ್ಲ. ಅದು ಹೆಪ್ಪುಗಟ್ಟಿ ನೀರನ್ನೇ ಒಳಗೆ ಬಿಡುವುದಿಲ್ಲ.

ಹಾಕುವ ದಿನ ಕಳೆಯನ್ನು ಬೇರುಸಹಿತ ಕಿತ್ತು, ನೀರು ಒಂದು ಗೇಣು ಆಳಕ್ಕೆ ಇಳಿಯುವಂತೆ ಹನಿಸಿ, ಅನಂತರ ಹರಡಬೇಕು. ಗರಿಕೆ ಮತ್ತು ಜೇಕಿನಂಥ ಕಳೆಗಳು ಹೊದಿಕೆಗೆ ಜಗ್ಗುವುದಿಲ್ಲ. ಜೇಕಿನ ಮೊನೆ ಪ್ಲಾಸ್ಟಿಕ್ ಹಾಳೆಯನ್ನೂ ತೂರಿ ಬರುತ್ತದೆ. ಮರದ ಚಕ್ಕೆಯಾದರೆ 5ರಿಂದ 8 ಸೆಂಟಿಮೀಟರ್, ಸಡಿಲ ಹುಲ್ಲಾದರೆ 10ರಿಂದ 15 ಸೆಂಟಿಮೀಟರ್, ಕಾಂಪೋಸ್ಟ್ ಆದರೆ 3ರಿಂದ 5 ಸೆಂಟಿಮೀಟರ್ ದಪ್ಪ ಸಾಕು. ಹಸಿ ಹುಲ್ಲಿನ ತುಣುಕನ್ನು ಒಣಗಿಸಿಯೇ ಹಾಕಬೇಕು. ಹಸಿಯಾಗಿ ದಪ್ಪಕ್ಕೆ ಸುರಿದರೆ ಕಾವು ಏರಿ ನಾರುತ್ತದೆ. ಎಷ್ಟು ಬೇಕೆಂಬ ಲೆಕ್ಕ ಸುಲಭ: 10 ಚದರ ಮೀಟರ್ ಮಡಿಗೆ 5 ಸೆಂಟಿಮೀಟರ್ ದಪ್ಪ ಹಾಕಲು ಅರ್ಧ ಘನ ಮೀಟರ್, ಅಂದರೆ 500 ಲೀಟರ್ ಸಾಮಗ್ರಿ ಬೇಕು.

ಕಾಂಡದ ಸುತ್ತ ಗಿಡಗಳಿಗೆ ನಾಲ್ಕು ಬೆರಳಿನಷ್ಟು, ಮರಗಳಿಗೆ ಒಂದು ಗೇಣಿನಷ್ಟು ಜಾಗವನ್ನು ಬರಿದಾಗಿ ಬಿಡಬೇಕು. ಬುಡಕ್ಕೆ ಗುಡ್ಡೆಯಾಗಿ ಪೇರಿಸಿದ ಹೊದಿಕೆಯಿಂದ ತೊಗಟೆ ಸದಾ ತೇವವಾಗಿದ್ದು ಕೊಳೆಯುತ್ತದೆ, ಇಲಿಗಳಿಗೂ ಮರೆ ಸಿಗುತ್ತದೆ.

ಹೊದಿಕೆ ಹಾಕಿದ ಮೇಲೆ ನೀರಿನ ಹಳೆಯ ವೇಳಾಪಟ್ಟಿಯನ್ನು ಬಿಡಬೇಕಾಗುತ್ತದೆ. ಮೇಲ್ಪದರ ಒಣಗಿದಂತೆ ಕಂಡರೂ ಅಡಿಯಲ್ಲಿ ತೇವವಿರಬಹುದು. ಆದ್ದರಿಂದ ಒಂದು ಕಡೆ ಸರಿಸಿ ಮಣ್ಣನ್ನು ಮುಟ್ಟಿದ ನಂತರವೇ ನೀರುಣಿಸಬೇಕು. ಹೊದಿಕೆ ತೆಳುವಾದಾಗ ಹೊಸದನ್ನು ಸೇರಿಸುವ ಮೊದಲು ಹಳೆಯ ಪದರವನ್ನು ಗೋರುಕೋಲಿನಿಂದ ಕೆದಕಿ ಸಡಿಲಗೊಳಿಸಿ, ಹೊಸತೂ ಹಳತೂ ಸೇರಿ ಮೇಲೆ ಹೇಳಿದ ದಪ್ಪ ಮೀರದಂತೆ ಹಾಕಬೇಕು.