ತುಲಾ ಸಂಕ್ರಮಣದ ಸಂಕಲ್ಪ: ಅರ್ಥ ತಿಳಿದು ಹೇಳುವ ಕ್ರಮ

ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ತುಲಾ ರಾಶಿಗೆ ಕಾಲಿಡುವ ತುಲಾ ಸಂಕ್ರಮಣಕ್ಕೆ ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು ತಲಕಾವೇರಿಗೆ ಹೋಗುವವರಲ್ಲಿ ಹೆಚ್ಚಿನವರು ಅರ್ಚಕರ ಬಾಯಿಂದ ಬಂದ ಸಂಕಲ್ಪವನ್ನೇ ತಿರುಗಿ ಹೇಳುತ್ತಾರೆ. ಜನಜಂಗುಳಿಯಲ್ಲಿ ಅದರ ಅರ್ಧವೂ ಕಿವಿಗೆ ಬೀಳುವುದಿಲ್ಲ. ಯಾವ ಹೊತ್ತಿನಲ್ಲಿ, ಎಲ್ಲಿ, ಯಾರು, ಯಾತಕ್ಕಾಗಿ ಈ ಕರ್ಮ ಮಾಡುತ್ತಿದ್ದಾರೆ ಎಂದು ದೇವರ ಮುಂದೆ ಹೇಳುವುದೇ ಸಂಕಲ್ಪ. ಮೊದಲೇ ಮನೆಯಲ್ಲಿ ಕಲಿತು ಹೋಗುವುದು ಒಳ್ಳೆಯದು.

ಮೊದಲು ಕಾಲ. ಪಂಚಾಂಗ ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ. ಅಕ್ಟೋಬರಿನಲ್ಲಿ ಇಸವಿಯಿಂದ 78 ಕಳೆದರೆ ಶಾಲಿವಾಹನ ಶಕ ಸಿಗುತ್ತದೆ. 2026ಕ್ಕೆ ಶಕ 1948, ಪರಾಭವ ಸಂವತ್ಸರ. ಈ ಸಂಕ್ರಮಣಕ್ಕೆ ಪ್ರತಿವರ್ಷವೂ ದಕ್ಷಿಣಾಯನ, ಶರದೃತು, ಆಶ್ವಯುಜ ಮಾಸವೇ. ಸೂರ್ಯ ತುಲಾ ರಾಶಿಗೆ ಕಾಲಿಡುವ ಚಾಂದ್ರಮಾಸಕ್ಕೇ ಆಶ್ವಯುಜ ಎಂದು ಹೆಸರು, ಆದ್ದರಿಂದ ಇದು ತಪ್ಪುವುದಿಲ್ಲ. ಪಕ್ಷ, ತಿಥಿ, ನಕ್ಷತ್ರಗಳು ಮಾತ್ರ ವರ್ಷವರ್ಷಕ್ಕೆ ಬೇರೆ.

ಹೆಚ್ಚು ಜನ ಎಡವುವುದು ವಾರದಲ್ಲಿ. ತೀರ್ಥೋದ್ಭವದ, ಅಂದರೆ ತಲಕಾವೇರಿಯ ಕೊಳದಲ್ಲಿ ಕಾವೇರಿ ಉಕ್ಕುವ, ಮುಹೂರ್ತ ಕೆಲವು ವರ್ಷ ನಡುರಾತ್ರಿ ಕಳೆದ ಮೇಲೆ ಬರುತ್ತದೆ. ಮಂಗಳವಾರದ ರಾತ್ರಿಯಾದರೆ ಗೋಡೆಯ ಕ್ಯಾಲೆಂಡರ್ ಆಗಲೇ ಬುಧವಾರ ಎನ್ನುತ್ತಿರುತ್ತದೆ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯದವರೆಗೆ, ಹಾಗಾಗಿ ಆ ಹೊತ್ತಿಗೆ ‘ಭೌಮವಾಸರೇ’ (ಮಂಗಳವಾರ) ಎಂದೇ ಹೇಳಬೇಕು. ತಿಥಿ ಹಾಗಲ್ಲ, ಅದು ಯಾವ ಗಳಿಗೆಯಲ್ಲೂ ಬದಲಾಗಬಹುದು. ಮುಗಿಯುವ ಸಮಯವನ್ನೂ ಬರೆದಿಟ್ಟುಕೊಳ್ಳಿ.

ದೇಶದ, ಅಂದರೆ ಜಾಗ ಹೇಳುವ, ಭಾಗ ಚಿಕ್ಕದು. ‘ಜಂಬೂದ್ವೀಪೇ ಭರತವರ್ಷೇ ಭರತಖಂಡೇ’ ಆದ ಮೇಲೆ ನಿಂತ ಜಾಗವನ್ನು ಸೇರಿಸಿದರಾಯಿತು. ಮನೆಯಲ್ಲಿ ಕಣಿಪೂಜೆ (ಈ ಹಬ್ಬಕ್ಕೆ ಕೊಡಗಿನ ಮನೆಗಳಲ್ಲಿ ಮಾಡುವ ಕಾವೇರಿಯ ಪೂಜೆ) ಮಾಡುವವರು ‘ಸ್ವಗೃಹೇ’ ಎನ್ನಲಿ.

ಕರ್ತೃ ಎಂದರೆ ಗೋತ್ರ, ನಕ್ಷತ್ರ, ಹೆಸರು. ಗೋತ್ರ ತಿಳಿಯದವರು ಕಾಶ್ಯಪ ಗೋತ್ರ ಎನ್ನುವ ವಾಡಿಕೆ ಇದೆ. ಕೊಡವರು ಒಕ್ಕದ, ಅಂದರೆ ಮನೆತನದ, ಹೆಸರು ಹೇಳಿದರೆ ನಮ್ಮ ದೃಷ್ಟಿಯಲ್ಲಿ ಅದೇ ಸರಿಯಾದ ಗುರುತು. ಒಬ್ಬರಿಗಾದರೆ ‘ಮಮ’. ಮನೆಮಂದಿಗೆಲ್ಲ ಸೇರಿಸಿ ಹೇಳುವಾಗ ‘ಅಸ್ಮಾಕಂ ಸಹಕುಟುಂಬಾನಾಂ’. ಹಾಸಿಗೆ ಹಿಡಿದ ಅಜ್ಜಿಗಾಗಿ ಸ್ನಾನಕ್ಕೆ ಬಂದವರು ಬರೀ ‘ಮಮ’ ಎಂದು ಹೇಳಿ ಹೋದರೆ ಆ ಅಜ್ಜಿ ಮಾತಿನಲ್ಲಿ ಬರಲೇ ಇಲ್ಲ.

ಕೊನೆಯದು ಉದ್ದೇಶ, ಭಕ್ತಿಯ ತಿರುಳು ಇರುವುದು ಇಲ್ಲೇ. ‘ಮಮ ಉಪಾತ್ತ ಸಮಸ್ತ ದುರಿತಕ್ಷಯದ್ವಾರಾ ಶ್ರೀ ಪರಮೇಶ್ವರ ಪ್ರೀತ್ಯರ್ಥಂ’ ಎಂಬಲ್ಲಿ ‘ಉಪಾತ್ತ’ ಎಂದರೆ ನಾನೇ ಗಳಿಸಿಕೊಂಡದ್ದು. ಪಾಪ ಕಳೆಯುವುದು ‘ದ್ವಾರಾ’, ಅಂದರೆ ದಾರಿ ಮಾತ್ರ. ತಲುಪಬೇಕಾದದ್ದು ‘ಪ್ರೀತ್ಯರ್ಥಂ’, ದೇವರ ಪ್ರೀತಿ. ಮೀಯುವುದು ಪಾಪ ತೊಳೆಯಲಿಕ್ಕಷ್ಟೇ ಎಂದುಕೊಂಡವರು ಈ ವಾಕ್ಯದ ಮಧ್ಯದಲ್ಲೇ ನಿಂತುಬಿಡುತ್ತಾರೆ.

ಹಾಗಾದರೆ ಏನನ್ನೂ ಬೇಡಬಾರದೇ? ಬೇಡಬಹುದು. ಕಾಫಿ ಫಸಲು, ಮಗಳ ಮದುವೆ, ಕಾಯಿಲೆ ಗುಣವಾಗುವುದು ಎಲ್ಲವನ್ನೂ ಹೇಳಿಕೊಳ್ಳಬಹುದು. ಅದು ಸಕಾಮ ಭಕ್ತಿ. ಗೀತೆಯ 7ನೇ ಅಧ್ಯಾಯ ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂದು ನಾಲ್ಕು ಬಗೆಯ ಭಕ್ತರನ್ನು ಹೆಸರಿಸಿ, ಎಲ್ಲರೂ ಉದಾರರೇ ಎನ್ನುತ್ತದೆ. ಬೇಡಿಕೆಯನ್ನು ‘ಸಿದ್ಧ್ಯರ್ಥಂ’ ಎಂದು ಹೇಳಿ, ಅದರ ಜೊತೆಗೆ ‘ಪ್ರೀತ್ಯರ್ಥಂ’ ಅನ್ನು ಬಿಡದೆ ಸೇರಿಸಿ. ಬೇಡಿಕೆಯೇ ಇಲ್ಲದ್ದು ನಿಷ್ಕಾಮ. ಆಗ ‘ಪ್ರೀತ್ಯರ್ಥಂ’ ಒಂದೇ ಸಾಕು. ತೀರಿಸಲಾಗದ ಹರಕೆಯನ್ನು ಮಾತ್ರ ಆವೇಶದಲ್ಲಿ ಹೊರಬೇಡಿ.

ಈಗ ಮಾಡುವ ರೀತಿ. ಸಂಕಲ್ಪ ಸ್ನಾನಕ್ಕೆ ಮೊದಲು ಆಗಬೇಕು, ಮಿಂದು ತಲೆ ಒರೆಸಿಕೊಂಡ ಮೇಲಲ್ಲ. ಪೂರ್ವ ಅಥವಾ ಉತ್ತರಕ್ಕೆ ಮುಖ ಮಾಡಿ, ಕೇಶವ, ನಾರಾಯಣ, ಮಾಧವ ಎಂದು ಮೂರು ಸಲ ಆಚಮನ ಮಾಡಿ. ಕುಳಿತವರು ಎಡ ಅಂಗೈಯನ್ನು ಬಲತೊಡೆಯ ಮೇಲಿಟ್ಟು, ಅಕ್ಷತೆ ಹಿಡಿದು ಬಲಗೈಯಿಂದ ಮುಚ್ಚಿಕೊಳ್ಳಲಿ. ತಲಕಾವೇರಿಯ ಕೊಳದ ಬಳಿ ಆ ದಿನ ಕೂರಲು ಜಾಗ ಸಿಗುವುದಿಲ್ಲ, ನಿಂತೇ ಹೇಳಿ. ಸಂಗಮದಲ್ಲಿ ಮಳೆಗಾಲದ ನೀರು ಇನ್ನೂ ಜೋರಾಗಿರಬಹುದು, ಮೆಟ್ಟಿಲು ಜಾರುತ್ತದೆ. ಮಂತ್ರದ ಕಡೆ ಗಮನವಿಟ್ಟು ಆಳಕ್ಕೆ ಇಳಿಯಬೇಡಿ. ಸೋಪು ಕೂಡದು.

ಬರಲಾಗದವರು ಮನೆಯ ನೀರಿಗೇ ‘ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ, ನರ್ಮದೇ ಸಿಂಧು ಕಾವೇರಿ ಜಲೇಽಸ್ಮಿನ್ ಸನ್ನಿಧಿಂ ಕುರು’ ಎಂದು ಆವಾಹನೆ ಮಾಡಿ ಮೀಯಬಹುದು.

ಸಂಸ್ಕೃತ ಬಾಯಿಗೆ ಬರದಿದ್ದರೆ ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಹೇಳಿ. ಸಂಕಲ್ಪ ಮೊದಲಿಗೆ ಮನಸ್ಸಿನ ಕೆಲಸ. ಅರ್ಥವಾಗದ ಸಂಸ್ಕೃತವನ್ನು ತೊದಲುವುದಕ್ಕಿಂತ ‘ಕಾವೇರಮ್ಮ, ಇಂಥ ಒಕ್ಕದ ನಾನು, ಈ ದಿನ, ಇಲ್ಲಿ, ನಿನ್ನ ಪ್ರೀತಿಗಾಗಿ ಮೀಯುತ್ತೇನೆ’ ಎನ್ನುವುದೇ ಮೇಲು.

ಎಲ್ಲ ಮುಗಿದ ಮೇಲೆ ಒಂದು ಉದ್ಧರಣೆ ನೀರನ್ನು ಅಕ್ಷತೆಯೊಂದಿಗೆ ಬೆರಳ ತುದಿಯಿಂದ ಬಿಡುತ್ತಾ ‘ಶ್ರೀ ಪರಮೇಶ್ವರಾರ್ಪಣಮಸ್ತು’ ಎನ್ನಿ. ಆರಂಭದಲ್ಲಿ ಯಾರ ಪ್ರೀತಿಗೆಂದು ಹೇಳಿದ್ದೀರೋ ಅರ್ಪಣೆಯೂ ಅವರ ಹೆಸರಿಗೇ ಆಗಬೇಕು.